ಮೆಟ್ಟಿಲ ಮೇಲಿನ ಚಪ್ಪಲಿ

"ಯಾರದ್ದೇ ಇದು? ಯಾವ ದರಿದ್ರ ಮುಂಡೇದು ಇಲ್ಲಿ ಚಪ್ಪಲಿ ಬಿಟ್ಟಿರೋದು?"

ಸೆಕ್ರೆಟರಿ ಬೂಟಿನ ತುದಿಯಿಂದ ಒಂದನ್ನು ಒದ್ದರು. ಅದು ನೆಲಮಾಳಿಗೆಯ ಮೆಟ್ಟಿಲಿನಿಂದ ಮೆಟ್ಟಿಲಿಗೆ ಪುಟಿಯುತ್ತ ಇಳಿದು, ಕೆಳಗೆ ನೆಲ ಒರೆಸುತ್ತಿದ್ದವಳ ಬಕೆಟ್ಟಿಗೆ ಬಡಿದು ಮಗುಚಿಕೊಂಡಿತು. ನೀಲಿ ಪಟ್ಟಿಯ ಚಪ್ಪಲಿ. ಹೆಬ್ಬೆರಳು ಊರುವಲ್ಲಿ ಸವೆದು ಗುಳಿ ಬಿದ್ದಿತ್ತು. ಕಿತ್ತುಹೋಗಿದ್ದ ಪಟ್ಟಿಯನ್ನು ಅವಳೇ ತಾಮ್ರದ ತಂತಿಯಿಂದ ಹೊಲಿದಿದ್ದಳು. ಸುಟ್ಟುಹೋದ ಮೋಟರನ್ನು ರಿಪೇರಿ ಮಾಡಿದಾಗ ಉಳಿದಿದ್ದ ತಂತಿ.

"ತೆಗೀತೀನಿ ಸಾರ್," ಎಂದಳು.

"ಯಾರದ್ದು ಅಂತ ಕೇಳ್ದೆ."

"ತೆಗೀತೀನಿ ಸಾರ್."

"ಎಷ್ಟು ಸಲ ಬಾಯಿ ಬಡ್ಕೋಬೇಕೇ ನಿಮ್ಮ ಹತ್ರ? ನಾಳೆ ಫೈರ್ ಆಫೀಸಿನವನು ಬಂದು ನೋಡಿದ್ರೆ ಏನು ಹೇಳ್ಲಿ? ಚಪ್ಪಲಿ ತಾನೇ ನಡ್ಕೊಂಡು ಬಂತು ಅನ್ಲಾ?"

ತಮ್ಮ ಮಾತಿಗೆ ತಾವೇ ನಕ್ಕು ಅವರು ಕಾರಿನ ಕಡೆ ಹೋದರು. ಅವಳು ಇನ್ನೊಂದು ಚಪ್ಪಲಿಯನ್ನೂ ಎತ್ತಿಕೊಂಡು, ಎರಡನ್ನೂ ಸೆರಗಿನಲ್ಲಿ ಒರೆಸಿ, ಪಂಪಿನ ಕೋಣೆಯ ಬಾಗಿಲ ಹಿಂದೆ ಇಟ್ಟಳು.

ಆ ಎತ್ತರದ ಕಟ್ಟಡದಲ್ಲಿ ಎಲ್ಲರೂ ಅವಳನ್ನು ಕೆಳಗಿನೋಳು ಎನ್ನುತ್ತಿದ್ದರು. ಅವಳ ಗಂಡನಿಗೆ ಮೋಟರ್ ಎಂದೇ ಹೆಸರು. ಮೇಲಿನಿಂದ ಯಾರಾದರೂ "ಮೋಟರ್, ನೀರು ಬಿಡೋ!" ಎಂದು ಕೂಗಿದರೆ ಯಂತ್ರ, ಮನುಷ್ಯ ಎರಡೂ ಓಡಬೇಕು. ನೀರು ಯಾವ ಹೊತ್ತಿಗೆ ಬರುತ್ತದೆ, ಯಾವ ಹೊತ್ತಿಗೆ ನಿಲ್ಲುತ್ತದೆ ಎಂದು ಹೇಳಲಾಗದ ಊರು ಅದು. ಸಂಪಿನ ಪಕ್ಕದಲ್ಲೇ ಸದಾ ಒಬ್ಬರು ಇರಬೇಕಿತ್ತು. ಅದಕ್ಕೆ ಕಟ್ಟಡದ ಸಂಘದವರು ಮೋಟರಿಗೆ ಪಂಪಿನ ಕೋಣೆಯಲ್ಲಿ ಜಾಗ ಕೊಟ್ಟಿದ್ದರು. ಆದರೆ ನೆಲಮಾಳಿಗೆಯಲ್ಲಿ ಮನುಷ್ಯರು ವಾಸ ಮಾಡುವಂತಿಲ್ಲ ಎಂಬುದು ಕಾನೂನು. ಹಾಗಾಗಿ ಅವರು ಅಲ್ಲಿ ಇರಬೇಕು, ಇದ್ದದ್ದು ಕಾಣಬಾರದು. ಬಾಗಿಲಾಚೆ ಚಪ್ಪಲಿ ಇರಬಾರದು. ಬಟ್ಟೆಯನ್ನು ಪೈಪುಗಳ ಹಿಂದೆ ಒಣಗಿಸಬೇಕು. ಈರುಳ್ಳಿ ಹುರಿದರೆ ವಾಸನೆ ಲಿಫ್ಟ್ ಓಡಾಡುವ ಸಂದಿಯಲ್ಲಿ ಹತ್ತಿ ಮೇಲಕ್ಕೆ ಹೋಗುತ್ತದೆ, ಅದಕ್ಕೆ ಹುರಿಯುವಂತಿಲ್ಲ. ಬೆಳಗ್ಗೆ ಮೊದಲ ಕಾರು ಹೊರಡುವ ಮುಂಚೆ ಹಾಸಿಗೆ ಸುತ್ತಿ ಚೀಲದಲ್ಲಿ ತುಂಬಿ ಪೈಪಿನ ಮೇಲೆ ಏರಿಸಬೇಕು.

ಇದೆಲ್ಲ ಅವಳ ಕೈಗೆ ಎಷ್ಟು ಕೂತುಹೋಗಿತ್ತೆಂದರೆ, ಎದ್ದು ಮುಖ ತೊಳೆಯುವ ಮುಂಚೆಯೇ ಮೂವರು ಮಲಗಿದ್ದ ಜಾಗದಲ್ಲಿ ಒದ್ದೆ ನೆಲ ಬಿಟ್ಟು ಬೇರೇನೂ ಉಳಿಯುತ್ತಿರಲಿಲ್ಲ.

ಮಗಳು ಬೆಳೆದದ್ದು ಆ ಮೋಟರಿನ ಸದ್ದಿನಲ್ಲೇ. ಬೇರೆ ಮಕ್ಕಳು ಸದ್ದಾದರೆ ಎಚ್ಚರಾಗುತ್ತವೆ. ಇವಳು ಮೋಟರು ನಿಂತರೆ ಎಚ್ಚರಾಗುತ್ತಿದ್ದಳು. ಪಂಪಿನೊಳಗೆ ಗಾಳಿ ಸೇರಿದರೆ ಅದು ಬರೀ ಅರಚುತ್ತದೆ, ನೀರು ಏರುವುದಿಲ್ಲ. ಅಪ್ಪ ಅದರ ಬಾಯಿ ಬಿಚ್ಚಿ ಒಂದು ಚೊಂಬು ನೀರು ಹೊಯ್ದರೆ ಮತ್ತೆ ಎಳೆಯತೊಡಗುತ್ತದೆ. "ನೀರು ಎಳೆಯೋದಕ್ಕೆ ಮೊದಲು ಅದಕ್ಕೇ ಯಾಕೆ ನೀರು ಕುಡಿಸ್ಬೇಕು?" ಎಂದು ಅವಳು ಅಪ್ಪನನ್ನು ಕೇಳಿದ್ದಳು. "ಅದರ ಗುಣ ಕಣೇ ಅದು," ಎಂದಿದ್ದ ಅಪ್ಪ. ಸಣ್ಣ ಶಾಲೆಯ ಟೀಚರನ್ನು ಕೇಳಿದರೆ ಅವರು, "ಅದು ಹೈಸ್ಕೂಲಲ್ಲಿ ಬರುತ್ತೆ, ಅಲ್ಲಿ ಕೇಳು," ಎಂದಿದ್ದರು. ಅಂದಿನಿಂದ ಮಗಳ ಬಾಯಲ್ಲಿ ಯಾವುದಕ್ಕೂ ಒಂದೇ ಉತ್ತರ. ಆಕಾಶ ಯಾಕೆ ನೀಲಿ? ಅದು ಹೈಸ್ಕೂಲಲ್ಲಿ ಬರುತ್ತೆ. ಅಮ್ಮನ ಬೆನ್ನುನೋವಿಗೆ ಏನು ಔಷಧಿ? ಅದೂ ಹೈಸ್ಕೂಲಲ್ಲಿ ಬರುತ್ತೆ.

ಹೈಸ್ಕೂಲು ರಸ್ತೆಯ ಆ ಬದಿಯಲ್ಲೇ ಇತ್ತು. ಗೇಟಿನ ಹತ್ತಿರ ನಿಂತರೆ ಅದರ ಬಿಳಿ ಗೋಡೆ ಕಾಣುತ್ತದೆ. ಪಂಪಿನ ಕೋಣೆಯ ಜಾಲರಿ ಕಿಟಕಿಯಿಂದ ಗಂಟೆ ಕೇಳುತ್ತದೆ. ಸರ್ಕಾರದ್ದೇ ಶಾಲೆ, ಆದರೆ ಊರಿಗೆಲ್ಲ ಹೆಸರು ಮಾಡಿದ್ದು. ಸೀಟು ಮೊದಲು ಅದೇ ಬಡಾವಣೆಯಲ್ಲಿ ವಾಸವಿರುವ ಮಕ್ಕಳಿಗೆ. ಉಳಿದರೆ ಹೊರಗಿನವರಿಗೆ. ಯಾವ ವರ್ಷವೂ ಉಳಿಯುತ್ತಿರಲಿಲ್ಲ. ಇಲ್ಲಿ ಸಿಗದವರು ರೈಲು ಹಳಿ ದಾಟಿ ಎರಡು ಬಸ್ಸು ಬದಲಿಸಿ ಹೋಗುವ ಶಾಲೆಗೆ ಸೇರಬೇಕು. ಅಲ್ಲಿ ವಿಜ್ಞಾನಕ್ಕೆ ಟೀಚರೇ ಇಲ್ಲವೆಂದು ಎಲ್ಲರಿಗೂ ಗೊತ್ತು. ಹುಡುಗಿಯನ್ನು ಅಷ್ಟು ದೂರ ಕಳಿಸಿ ಕರೆತರುವವರು ಈ ಮನೆಯಲ್ಲಿ ಯಾರೂ ಇಲ್ಲವೆಂಬುದೂ ಗೊತ್ತು. ಮೂರನೇ ಮಹಡಿಯ ಬಾಣಂತಿ ಆಗಲೇ ಕೇಳಿಟ್ಟಿದ್ದಳು: "ನಿನ್ನ ಹುಡುಗಿ ಹೆಂಗಿದ್ರೂ ಖಾಲಿ ಇರ್ತಾಳಲ್ಲ, ಮಗು ನೋಡ್ಕೊಳ್ಳೋಕೆ ಕಳ್ಸು."

*

ಹೈಸ್ಕೂಲಿನ ಕೌಂಟರಿನ ಕಿಂಡಿ ಅವಳ ಎದೆಯ ಮಟ್ಟಕ್ಕಿತ್ತು. ಮಾತಾಡಬೇಕಾದರೆ ಬಗ್ಗಬೇಕು. ಅವಳು ಬಗ್ಗಿ ಅರ್ಜಿಯನ್ನು ಒಳಗೆ ತಳ್ಳಿದಳು. ಮಗಳೇ ತುಂಬಿದ ಅರ್ಜಿ, ದುಂಡಗಿನ ಅಕ್ಷರ.

ಗುಮಾಸ್ತ ಅದನ್ನು ಬೆರಳಿನಿಂದ ಬಡಿದ. "ಮನೆ ನಂಬರ್ ಎಲ್ಲಿ?"

"ಪಂಪಿನ ಕೋಣೆ ಸಾರ್. ಅಲ್ಲೇ ಬರ್ದಿದೆ."

"ನಾನು ಕೇಳಿದ್ದು ಮನೆ."

"ಅದೇ ಸಾರ್ ಮನೆ."

"ಪಂಪ್ ರೂಮಲ್ಲಿ ಇರೋಕೆ ನೀವೇನು ಕಪ್ಪೆಗಳಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಹಿಂದೆ ಯಾರೋ ಗಂಟಲಲ್ಲಿ ವಟಗುಟ್ಟುವ ಸದ್ದನ್ನೂ ಮಾಡಿದರು. ಎಲ್ಲರೂ ನಗುವಾಗ ತಾನೊಬ್ಬಳು ನಗದೆ ನಿಂತರೆ ಇನ್ನೂ ಕೆಟ್ಟದಾಗಿ ಕಾಣುತ್ತದೆಂದು ಅವಳೂ ನಕ್ಕಳು. ನಕ್ಕ ಮೇಲೆ ಪಕ್ಕದಲ್ಲಿದ್ದ ಮಗಳ ಮುಖ ನೋಡಿದಳು. ಮಗಳು ನಕ್ಕಿರಲಿಲ್ಲ. ಅಮ್ಮ ನಕ್ಕದ್ದನ್ನು ನೋಡುತ್ತಿದ್ದಳು.

"ಕಟ್ಟಡದ ಸಂಘದಿಂದ ಒಂದು ಪತ್ರ ತನ್ನಿ, ಇವರು ಇಲ್ಲೇ ಇದಾರೆ ಅಂತ," ಎಂದ ಗುಮಾಸ್ತ. "ತಂದ್ರೂ ನಾವು ಬಂದು ನೋಡ್ತೀವಿ, ತರದಿದ್ರೂ ಬಂದು ನೋಡ್ತೀವಿ. ಮಗು ಅಲ್ಲೇ ಇರೋದು ಕಣ್ಣಿಗೆ ಕಾಣ್ಬೇಕು."

"ಕಾಣುತ್ತೆ ಸಾರ್."

"ಕಂಡ್ರೆ ಕಂಡಿದ್ದು ಬರೀತೀನಿ. ಕಾಣದಿದ್ರೆ ಇಲ್ಲ ಅಂತ ಬರೀತೀನಿ. ಹಂಗೆ ಹಿಂಗೆ ಅಂತ ಆಮೇಲೆ ಇಲ್ಲಿ ಬಂದು ಅಳಂಗಿಲ್ಲ. ನೆಕ್ಸ್ಟ್!"

ರಸ್ತೆ ದಾಟುವಾಗ ಮಗಳು ಕೈ ಹಿಡಿಯಲಿಲ್ಲ.

ಗೇಟಿನ ಪಕ್ಕದಲ್ಲಿ ತಳ್ಳುಗಾಡಿಯ ಮೇಲೆ ಇಸ್ತ್ರಿ ಮಾಡುವವನು ಇವರನ್ನು ನೋಡಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟ.

"ಹೋದ ಕೆಲ್ಸ ಏನಾಯ್ತಕ್ಕಾ?"

"ಪತ್ರ ಬೇಕಂತೆ. ಬಂದು ನೋಡ್ತಾರಂತೆ."

"ಅಯ್ಯೋ, ಸೀಸನ್ ಶುರುವಾಯ್ತು ಹಂಗಾದ್ರೆ. ಇನ್ನು ಈ ಕಟ್ಟಡದಲ್ಲಿ ಮನೆಮನೆಗೂ ಹೆರಿಗೆ. ಹುಟ್ಟೋವಾಗ್ಲೇ ಒಂದೊಂದಕ್ಕೂ ಮೀಸೆ ಚಿಗುರಿರುತ್ತೆ. ಸೀಟು ಸಿಕ್ಕಿದ ಮಾರನೇ ದಿನ ಎಲ್ಲಾ ಮಾಯ."

"ನಿಂಗ್ಯಾರು ಹೇಳಿದ್ದು?"

"ಯಾರು ಯಾಕೆ ಹೇಳ್ಬೇಕು? ಮನೇಲಿ ಮಗು ಇದೆ ಅಂತಾರೆ, ಮಗೀನದ್ದು ಒಂದು ಅಂಗಿ ಇಸ್ತ್ರಿಗೆ ಬರಲ್ಲ. ಬೆತ್ತಲೆ ಓಡಾಡ್ತವೋ ಏನೋ ಬೋಳೀಮಕ್ಳು." ಮಗಳು ಆಗ ನಕ್ಕಳು. ಅಷ್ಟು ಸಾಕಾಯಿತು ತಾಯಿಗೆ. ಆ ನಗುವನ್ನೇ ಹಿಡಿದುಕೊಂಡು ಅವಳು ಸೆಕ್ರೆಟರಿಯ ಮನೆಗೆ ಹತ್ತಿದಳು.

*

"ಪತ್ರ? ಎಂಥಾ ಪತ್ರ?"

ಸೆಕ್ರೆಟರಿ ಪೇಪರ್ ಓದುತ್ತಿದ್ದರು. ಅವಳು ಒರೆಸುವ ಕೋಲು ಹಿಡಿದೇ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಕೋಲಿದ್ದರೆ ಆ ಮನೆಯೊಳಗೆ ನಿಲ್ಲಲು ಧೈರ್ಯ ಬರುತ್ತಿತ್ತು.

"ನಾವು ಇಲ್ಲೇ ಇದೀವಿ ಅಂತ ಒಂದು ಸಾಲು ಸಾರ್. ಮಗು ಸ್ಕೂಲಿಗೆ."

"ಅಲ್ಲಿ ಯಾರೂ ವಾಸ ಇಲ್ಲ ಅಂತ ವರ್ಷಾ ವರ್ಷಾ ನಾನೇ ಸಹಿ ಹಾಕಿ ಫೈರ್ ಆಫೀಸಿಗೆ ಕೊಡ್ತೀನಿ. ಈಗ ನಾನೇ ಇದಾರೆ ಅಂತ ಬರ್ಕೊಡ್ಲಾ? ನನ್ನ ಕೈಯಲ್ಲೇ ನನ್ನ ಕಪಾಳಕ್ಕೆ ಬಾರಿಸ್ಕೊಳ್ಲಾ?"

"ಇದೀವಲ್ಲ ಸಾರ್."

"ಏನಂದೆ?"

"ಇದೀವಲ್ಲ ಅಂದೆ."

"ಇದೀರಿ. ನಾನು ಇರಿಸ್ಕೊಂಡಿದೀನಿ, ಅದಕ್ಕೆ ಇದೀರಿ. ಮೋಟರೂ ಅಲ್ಲೇ ಇದೆ, ಅದಕ್ಕೂ ಒಂದು ಸೀಟು ಕೇಳ್ಕೊಂಡು ಬಾ. ನಡಿ, ಅಲ್ಲಿ ಮೂಲೆ ಒರ್ಸಿಲ್ಲ ನೋಡು."

ಅವಳು ಮೂಲೆ ಒರೆಸಿದಳು. ಒರೆಸಿ ಎದ್ದಾಗ ಸೆಕ್ರೆಟರಿಯ ಹೆಂಡತಿ ಅವಳನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಈ ಅಮ್ಮಾವ್ರು ಬೈದವರಲ್ಲ. ಹಳೆಯ ಸೀರೆ ಕೊಟ್ಟವರು.

"ಅವರ ಮಾತು ಮನಸ್ಸಿಗೆ ತಗೋಬೇಡ. ನೋಡು, ನಮ್ಮನೆಯವರ ತಂಗಿ ಮಗಳಿಗೂ ಅದೇ ಸ್ಕೂಲಿಗೆ ಅರ್ಜಿ ಹಾಕಿದೀವಿ. ಅವರಿರೋದು ಊರಾಚೆ, ನಿಂಗೆ ಗೊತ್ತಲ್ಲ. ಅವಳು ಇಲ್ಲೇ ನಮ್ಜೊತೆ ಇರ್ತಾಳೆ ಅಂತ ಬರ್ದಿದೀವಿ. ಸ್ಕೂಲಿನವರು ನೋಡೋಕೆ ಬರ್ತಾರೆ. ಆ ಹಿಂದಿನ ರೂಮು ಅವಳದ್ದೇ ರೂಮು ಥರ ಮಾಡ್ಕೊಡ್ಬೇಕು ನೀನು. ನಂಗೆ ಅದೆಲ್ಲ ಬರಲ್ಲ, ನಿನ್ನ ಕೈ ಚೆನ್ನಾಗಿದೆ. ಇದೊಂದು ಮಾಡ್ಕೊಡು, ನಿನ್ನ ಪತ್ರದ ವಿಷಯ ನಂಗೆ ಬಿಡು. ಒಳ್ಳೆ ಹೊತ್ತು ನೋಡಿ ನಾನು ಹೇಳ್ತೀನಿ ಅವ್ರಿಗೆ."

ಹಿಂದಿನ ರೂಮಿನಲ್ಲಿ ಸೂಟ್‌ಕೇಸುಗಳೂ ಯಾರೂ ತುಳಿಯದ ವ್ಯಾಯಾಮದ ಸೈಕಲ್ಲೂ ಇದ್ದವು. ಅವಳು ಎಲ್ಲವನ್ನೂ ಹೊರಗೆ ಸಾಗಿಸಿ ಮಂಚ ಹಾಕಿದಳು, ಮೇಜು ಹಾಕಿದಳು. ಅಮ್ಮಾವ್ರು ಹೊಸ ಬ್ಯಾಗು, ಹೊಸ ಬೂಟು, ಹೊಸ ಬಾಚಣಿಗೆ ತಂದಿಟ್ಟರು. ಇಬ್ಬರೂ ಬಾಗಿಲಲ್ಲಿ ನಿಂತು ನೋಡಿದರು.

"ಅಂಗಡಿ ಥರ ಇದೆ ಅಲ್ವೇನೇ?" ಎಂದರು ಅಮ್ಮಾವ್ರು.

"ಹೂಂ ಅಮ್ಮ."

"ಹೊಸ ಬೂಟು ಬಾಗಿಲಲ್ಲಿದ್ರೆ ನೆಂಟರು ಬಂದಂಗೆ ಕಾಣುತ್ತೆ, ಮನೆಯೋರದ್ದು ಅನ್ಸಲ್ಲ." ಅವರು ಬೂಟು ಎತ್ತಿ ಅಳತೆ ನೋಡಿದರು. "ನಿನ್ನ ಮಗಳೂ ಇದೇ ಅಳತೆ ಅಲ್ವಾ? ಅವಳದ್ದು ಹಳೇದು ಏನೇನಿದೆ, ತಗೊಂಡ್ಬಾ. ಒಂದೆರಡು ದಿನಕ್ಕೆ."

ಹೀಗೆ ಮಗಳ ಸಾಮಾನು ಒಂದೊಂದಾಗಿ ಮೇಲಕ್ಕೆ ಹೋಯಿತು. ತೋಳು ಗಿಡ್ಡವಾದ ಅಂಗಿಗಳು. ಕಚ್ಚಿದ ಪೆನ್ಸಿಲು. ಹಲ್ಲು ಮುರಿದ ಬಾಚಣಿಗೆ, ಅದರಲ್ಲಿ ಸಿಕ್ಕಿಕೊಂಡ ಕೂದಲಿನ ಸಮೇತ. ಕೂದಲು ತೆಗೆಯಬೇಡ ಎಂದು ಅಮ್ಮಾವ್ರೇ ಹೇಳಿದ್ದರು. ಬೈಂಡು ಹಾಕಿದ ಪುಸ್ತಕಗಳ ಮೇಲಿನ ಹೆಸರಿನ ಚೀಟಿಯನ್ನು ಮಗಳೇ ಉಗುರಿನಿಂದ ಕೆರೆದು ತೆಗೆದಳು. ಮೇಲಿನ ತರಗತಿಯ ವಿಜ್ಞಾನದ ಪುಸ್ತಕವೊಂದಿತ್ತು, ಇಸ್ತ್ರಿಯವನು ರದ್ದಿಯಲ್ಲಿ ಸಿಕ್ಕಿತೆಂದು ತಂದುಕೊಟ್ಟದ್ದು. ಅದನ್ನು ಕೊಡುವಾಗ ಮಾತ್ರ ಮಗಳು, "ಇದು ವಾಪಸ್ ಬರುತ್ತಲ್ಲಮ್ಮಾ?" ಎಂದಳು.

"ಬರ್ದೇ ಎಲ್ಲಿ ಹೋಗುತ್ತೆ? ಪತ್ರ ಸಿಗುತ್ತೆ ಕಣೇ. ಅಮ್ಮಾವ್ರು ಹೇಳಿದಾರೆ."

ಎಲ್ಲ ಇಟ್ಟ ಮೇಲೂ ಹಾಸಿಗೆ ಉಬ್ಬಿಕೊಂಡೇ ಇತ್ತು. ಯಾರೂ ಮಲಗದ ಹಾಸಿಗೆ. ಅಮ್ಮಾವ್ರು ಕೈಯಿಂದ ಒತ್ತಿದರು, ಕೂರಲಿಲ್ಲ. ಕೊನೆಗೆ ಮಗಳಿಗೆ ಕಾಲು ತೊಳೆದುಕೊಂಡು ಬರಲು ಹೇಳಿ, ಅದರ ಮೇಲೆ ಮಲಗಿಸಿದರು. ಮಗಳು ಕೈಕಾಲು ಜೋಡಿಸಿಕೊಂಡು, ಮಂಚದಿಂದ ಬಿದ್ದುಬಿಡುವವಳ ಹಾಗೆ ಬಿಗಿಯಾಗಿ ಮಲಗಿದಳು. ಕಿಟಕಿಯಿಂದ ಬಿಸಿಲು ಬರುತ್ತಿತ್ತು.

"ಹೊರಳಾಡೇ ಸ್ವಲ್ಪ. ಹಂಗೆ ಕಡ್ಡಿ ಥರ ಮಲಗಿದ್ರೆ ಹೆಂಗೆ? ನಿದ್ದೆ ಮಾಡು."

"ನಿದ್ದೆ ಬರಲ್ಲ ಅಮ್ಮಾ. ಇಲ್ಲಿ ಸದ್ದೇ ಇಲ್ಲ."

ಆದರೂ ಅವಳು ಹೊರಳಾಡಿದಳು. ದಿಂಬಿನಲ್ಲಿ ಅವಳ ತಲೆಯಷ್ಟೇ ಗುಳಿ ಬಿತ್ತು. "ಸಾಕು, ಏಳು," ಎಂದರು ಅಮ್ಮಾವ್ರು. ತಾಯಿ ಹಾಸಿಗೆ ಸರಿಮಾಡಲು ಬಗ್ಗಿದವಳು ನೆನಪಾಗಿ ಕೈ ಹಿಂದಕ್ಕೆಳೆದುಕೊಂಡಳು.

ಕೊನೆಯದಾಗಿ ನೀಲಿ ಪಟ್ಟಿಯ ಚಪ್ಪಲಿ ಸೆಕ್ರೆಟರಿಯ ಮನೆಯ ಬಾಗಿಲ ಮುಂದೆ ಬಂದು ಕೂತಿತು. ಸಂಜೆ ಬಂದ ಸೆಕ್ರೆಟರಿ ಅದನ್ನು ನೋಡಿ, ತುಳಿಯದೆ, ಬಳಸಿಕೊಂಡು ಒಳಗೆ ಹೋದರು.

*

ತಪಾಸಣೆಯ ದಿನ ಅವಳು ಎಂದಿಗಿಂತ ಬೇಗ ಎದ್ದಳು. ಕೆಳಗೂ ಬರುತ್ತಾರೆ, ತಮ್ಮ ಮನೆಯನ್ನೂ ನೋಡುತ್ತಾರೆ. ಮೇಲಿನ ಸುಳ್ಳು ಮನೆಗೆ ಅಷ್ಟೆಲ್ಲ ಮಾಡಬೇಕಾಯಿತು, ತಮ್ಮದು ಇರುವುದೇ ಇದೆಯಲ್ಲ ಎಂದುಕೊಂಡಳು. ಹೊರಗಿನ ದೊಡ್ಡವರೊಬ್ಬರು ಆ ಬಾಗಿಲಿಗೆ ಬರುತ್ತಿರುವುದು ಅದೇ ಮೊದಲು. ಅವಳು ನೆಲವನ್ನು ಎರಡೆರಡು ಸಲ ತೊಳೆದಳು. ಗೋಡೆಯ ಮೇಲಿದ್ದ ಒಲೆಯ ಮಸಿಯನ್ನು ಕೆರೆದು ಉಜ್ಜಿ ತೆಗೆದಳು. ಒಲೆಯನ್ನು ತಿಕ್ಕಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸ್ವಿಚ್ಚಿನ ಪ್ಯಾನಲ್ಲಿನ ಕೆಳಗೆ ತಳ್ಳಿದಳು. ಹಾಸಿಗೆ, ಪಾತ್ರೆ, ಬಟ್ಟೆ ಎಲ್ಲ ಎಂದಿನ ರೂಢಿಯಂತೆ ಚೀಲಕ್ಕೆ, ಚೀಲ ಪೈಪಿನ ಮೇಲಕ್ಕೆ. ಸಂಪಿನ ಮುಚ್ಚಳವನ್ನೂ ಒರೆಸಿದಳು.

"ನೋಡೋಕೆ ಚೆನ್ನಾಗಿದೆ ಈಗ," ಎಂದ ಗಂಡ.

ಗುಮಾಸ್ತ ಮೊದಲು ಸೆಕ್ರೆಟರಿಯ ಮನೆಗೆ ಹೋದ. ಅವಳು ಅಲ್ಲಿ ಅಡುಗೆಮನೆಯ ಬಾಗಿಲಲ್ಲಿ ಲೋಟದ ತಟ್ಟೆ ಹಿಡಿದು ನಿಂತಿದ್ದಳು. ಬೆಳಗ್ಗೆ ಕಾರಿನಲ್ಲಿ ಬಂದಿಳಿದಿದ್ದ ತಂಗಿಯ ಮಗಳು ಮಂಚದ ತುದಿಯಲ್ಲಿ ಕೂತಿದ್ದಳು.

"ಎಷ್ಟು ದಿನದಿಂದ ಇಲ್ಲಿದೀಯಾ ಪುಟ್ಟಾ?"

"ಚಿಕ್ಕೋಳಿದ್ದಾಗಿಂದ ಅಂಕಲ್."

ಗುಮಾಸ್ತ ಬಾಚಣಿಗೆ ಎತ್ತಿ ಬೆಳಕಿಗೆ ಹಿಡಿದು ನೋಡಿದ. ದಿಂಬು ನೋಡಿದ. ಗೂಟದ ಮೇಲಿನ ಒದ್ದೆ ಟವೆಲು ಮುಟ್ಟಿದ. ಹೊರಗೆ ಬಂದು ಚಪ್ಪಲಿಯ ಗುಳಿಯನ್ನು, ತಾಮ್ರದ ಹೊಲಿಗೆಯನ್ನು ಬಗ್ಗಿ ನೋಡಿ, "ಮಕ್ಕಳಿಗೆ ಎಷ್ಟು ಕೊಡಿಸಿದ್ರೂ ಹಳೇದೇ ಇಷ್ಟ," ಎಂದು ನಕ್ಕು ಬರೆದುಕೊಂಡ. ಆಮೇಲೆ ಹಾಳೆ ತಿರುವಿದ. "ಇದೇ ಕಟ್ಟಡದಲ್ಲಿ ಇನ್ನೊಂದಿದೆ. ಪಂಪ್ ರೂಮು."

"ಏನೋ ಬರ್ದಿರ್ತಾರೆ ಬಿಡಿ ಸಾರ್," ಎಂದರು ಸೆಕ್ರೆಟರಿ. "ನೋಡ್ಕೊಂಡೇ ಹೋಗಿ ಬೇಕಾದ್ರೆ."

ಅವಳು ಅಮ್ಮಾವ್ರ ಮುಖ ನೋಡಿದಳು. ಅಮ್ಮಾವ್ರು ಖಾಲಿ ಲೋಟಗಳನ್ನು ಜೋಡಿಸುತ್ತಿದ್ದರು.

ಪಂಪಿನ ಕೋಣೆಯಲ್ಲಿ ಗುಮಾಸ್ತ ಸುತ್ತ ಕಣ್ಣಾಡಿಸಿದ. ಮೋಟರು. ಪ್ಯಾನಲ್ಲು. ಸಂಪಿನ ಮುಚ್ಚಳ. ಮುಖ ಕಾಣುವಷ್ಟು ಹೊಳೆಯುವ ನೆಲ. ಮೋಟರಿನ ಪಕ್ಕ ಗಂಡ, ಬಾಗಿಲ ಹತ್ತಿರ ಮಗಳು.

"ಇಲ್ಲಿ ಯಾರಿರ್ತಾರೆ?"

"ನಾವು ಸಾರ್."

"ಎಲ್ಲಿ ಮಲಗ್ತೀರಿ?"

ಮಗಳು ಮೋಟರಿಗೂ ಗೋಡೆಗೂ ನಡುವಿನ ಜಾಗ ತೋರಿಸಿದಳು. ಅಲ್ಲಿ ನೀರಿನ್ನೂ ಆರಿರಲಿಲ್ಲ.

"ಒಲೆ?"

ತಾಯಿ ಬಗ್ಗಿ ಒಲೆ ಎಳೆದು ತೋರಿಸಿದಳು. ಪ್ಲಾಸ್ಟಿಕ್ಕಿನೊಳಗೆ ಅದು ಫಳಫಳ ಹೊಳೆಯಿತು. ಗಂಡ ಚೀಲವನ್ನು ಪೈಪಿನಿಂದ ಇಳಿಸಿದ. ಗುಮಾಸ್ತ ಅದರ ಗಂಟನ್ನು ಪೆನ್ನಿನಿಂದ ಚುಚ್ಚಿದ.

"ಇದೆಲ್ಲ ಇವತ್ತು ತಂದಂಗಿದೆಯಲ್ಲ?"

"ಹಗಲು ಕೆಲ್ಸಕ್ಕೆ ಬರ್ತಾರೆ ಸಾರ್, ಸಂಜೆ ಹೋಗ್ತಾರೆ," ಎಂದರು ಮೆಟ್ಟಿಲ ಮೇಲೆ ನಿಂತಿದ್ದ ಸೆಕ್ರೆಟರಿ. "ಹುಡುಗಿ ತಾಯಿ ಜೊತೆ ಬರ್ತಾಳೆ."

"ಇಲ್ಲ ಸಾರ್! ದೇವ್ರಾಣೆಗೂ ಇಲ್ಲೇ ಇರೋದು. ನಾನೇ ತೊಳ್ದಿದ್ದು ಸಾರ್ ಬೆಳಗ್ಗೆ, ನೀವು ಬರ್ತೀರಿ ಅಂತ. ಮಸಿ ಎಲ್ಲಾ ಇತ್ತು ಸಾರ್ ಗೋಡೆ ಮೇಲೆ..."

ಗೋಡೆ ಸ್ವಚ್ಛವಾಗಿತ್ತು. ಅವಳು ಮಸಿಯಿದ್ದ ಜಾಗವನ್ನು ಕೈಯಿಂದ ಸವರಿದಳು, ಎಲ್ಲಾದರೂ ಒಂದಿಷ್ಟು ಉಳಿದಿರಬಹುದೆಂಬಂತೆ. ಬೆರಳಿಗೆ ಏನೂ ಹತ್ತಲಿಲ್ಲ.

"ಮಗೂದು ಪುಸ್ತಕ ಎಲ್ಲಿ? ಬಟ್ಟೆ?" ಗುಮಾಸ್ತನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅವನು ಮಗಳ ಕಾಲು ನೋಡಿದ. "ಚಪ್ಪಲಿನೂ ಇಲ್ವೇನಮ್ಮ ನಿಂಗೆ?"

ಮಗಳು ಅಮ್ಮನ ಕಡೆ ನೋಡಿದಳು.

ಮಾತು ತಾಯಿಯ ನಾಲಿಗೆಯ ತುದಿಗೆ ಬಂದಿತ್ತು. ಸೆಕ್ರೆಟರಿ ಒಂದು ಮೆಟ್ಟಿಲು ಕೆಳಗಿಳಿದರು. ಮೋಟರಿನ ಪಕ್ಕ ನಿಂತಿದ್ದ ಗಂಡನನ್ನು ನೋಡಿದರು.

"ಮೇಲಿದೆ ಸಾರ್," ಎಂದಳು ಅವಳು. "ಈಗ ನೀವು ಮೇಲೆ ನೋಡಿದ್ರಲ್ಲ, ಆ ಚಪ್ಪಲಿ..."

ಗಂಡ ಸ್ವಿಚ್ಚು ಒತ್ತಿದ.

ಮೋಟರು ಒಮ್ಮೆಗೇ ಹೊಡೆದುಕೊಂಡು ಎದ್ದಿತು. ಗೋಡೆ, ಪೈಪು, ನೆಲ ಎಲ್ಲ ನಡುಗಿದವು. ಅವಳ ಬಾಯಿ ಆಡುತ್ತಲೇ ಇತ್ತು. ಚಪ್ಪಲಿ ಅಂದಳು, ಬಾಚಣಿಗೆ ಅಂದಳು, ನನ್ನ ಮಗಳ ಕೂದಲು ಸಾರ್ ಅಂದಳು. ಗುಮಾಸ್ತ ಕಿವಿಗೆ ಕೈ ಹಚ್ಚಿ ಏನು ಎಂಬಂತೆ ಹುಬ್ಬೇರಿಸಿದ. ಮತ್ತೆ ಬೇಡ ಎಂಬಂತೆ ಕೈಯಾಡಿಸಿದ. ಇನ್ನೂ ಎಷ್ಟೋ ಮನೆ ನೋಡುವುದಿತ್ತು ಅವನಿಗೆ. ಹಾಳೆಯ ಮೇಲೆ ಒಂದು ಗೆರೆ ಎಳೆದು ಮೆಟ್ಟಿಲು ಹತ್ತಿದ. ಸೆಕ್ರೆಟರಿ ಅವನ ಬೆನ್ನ ಮೇಲೆ ಕೈಯಿಟ್ಟು ಕರೆದುಕೊಂಡು ಹೋದರು.

ಮಗಳು ಗುಮಾಸ್ತನನ್ನು ನೋಡಲಿಲ್ಲ. ಅಪ್ಪನ ಕೈಯನ್ನು ನೋಡುತ್ತಿದ್ದಳು.

"ಯಾಕೋ ಹಾಕ್ದೆ?" ಅವಳು ಗಂಡನ ಕಿವಿಯ ಹತ್ತಿರ ಕಿರುಚಿದಳು. "ಮನೆಹಾಳ, ಯಾಕೋ ಹಾಕ್ದೆ?"

"ಮೇಲೆ ನೀರಿರ್ಲಿಲ್ಲ," ಎಂದ ಅವನು, ನೆಲ ನೋಡುತ್ತ.

ಆ ಹೊತ್ತಿಗೆ ಹೊರಗೆ, ತಾರಸಿಯಿಂದ ಇಳಿದ ಪೈಪಿನಲ್ಲಿ ಧೋ ಎಂದು ನೀರು ಬೀಳತೊಡಗಿತು. ಜಾಲರಿಯ ಆಚೆ ಅಂಗಳದ ಕಲ್ಲಿನ ಮೇಲೆ ಬಡಿದು ಸಿಡಿಯಿತು. ಅಷ್ಟು ಬೇಗ ತುಂಬಲು ಟ್ಯಾಂಕಿನಲ್ಲಿ ಮೊದಲೇ ಎಷ್ಟು ನೀರಿತ್ತೆಂಬುದು ಆ ಕೋಣೆಯಲ್ಲಿ ಬೆಳೆದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಅಪ್ಪಾ," ಎಂದಳು ಮಗಳು ಮೆಲ್ಲಗೆ. "ಟ್ಯಾಂಕ್ ತುಂಬಿ ಹರೀತಾ ಇದೆ."

ಅವನು ಮೋಟರು ಆರಿಸಿದ. "ಇದೂ ಹೋದ್ರೆ ಎಲ್ಲಿ ಮಲಗಿಸ್ಲಿ ನಿಮ್ಮನ್ನ?" ಎಂದ. "ಹೇಳು. ಎಲ್ಲಿ ಮಲಗಿಸ್ಲಿ?"

ಅವಳು ಚೀಲದ ಗಂಟು ಬಿಚ್ಚಿ, ನಡುಹಗಲಲ್ಲೇ ಹಾಸಿಗೆ ಹಾಸಿ, ಮಗಳನ್ನು ಪಕ್ಕಕ್ಕೆಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

*

ಹೈಸ್ಕೂಲಿನಲ್ಲಿ ಸೀಟು ಸಿಕ್ಕವರ ಪಟ್ಟಿ ಹಾಕಿದ ದಿನ ಇಸ್ತ್ರಿಯವನೇ ಹೋಗಿ ನೋಡಿಕೊಂಡು ಬಂದ. ಬಂದು, ಇಸ್ತ್ರಿ ಆಗಿದ್ದ ಅಂಗಿಯನ್ನೇ ಮತ್ತೆ ಇಸ್ತ್ರಿ ಮಾಡತೊಡಗಿದ.

ಅಮ್ಮಾವ್ರು ಮಗಳ ಸಾಮಾನನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು. ಚಪ್ಪಲಿಯನ್ನು ಬೇರೆಯಾಗಿ ಕಾಗದದಲ್ಲಿ ಸುತ್ತಿದ್ದರು. "ಒಂದು ಪುಸ್ತಕ ಮಾತ್ರ ಅವಳು ತಗೊಂಡು ಹೋದ್ಳು ಕಣೇ, ವಿಜ್ಞಾನದ್ದು. ಚೆನ್ನಾಗಿದೆಯಂತೆ. ಪತ್ರದ ವಿಷಯ... ನಾನು ಹೇಳೋಣ ಅಂತಿದ್ದೆ, ಅಷ್ಟರಲ್ಲಿ ಎಲ್ಲಾ ಮುಗ್ದೇ ಹೋಯ್ತು." ಅವರ ಕಣ್ಣಲ್ಲಿ ನೀರಿತ್ತು. "ಮೂರನೇ ಮಹಡಿಯವ್ರು ಒಳ್ಳೆ ಜನ. ಹುಡುಗಿ ಅಲ್ಲಿ ಸುಖವಾಗಿರ್ತಾಳೆ."

ಶಾಲೆ ಶುರುವಾದ ಬೆಳಗ್ಗೆ ಮಗಳು ಎಣ್ಣೆ ಹಚ್ಚಿ ತಲೆ ಬಾಚಿಕೊಂಡಳು. ಚಪ್ಪಲಿ ಹಾಕಿಕೊಳ್ಳದೆ ಹೊರಟಳು. ಮಗು ಇರುವ ಮನೆ, ಚಪ್ಪಲಿ ತರಬೇಡ ಎಂದಿದ್ದರು.

"ಹೋಗ್ಬರ್ತೀನಮ್ಮ."

ಅಪ್ಪನಿಗೆ ಹೇಳಲಿಲ್ಲ. ಅಂದು ಪಂಪಿನೊಳಗೆ ಗಾಳಿ ಸೇರಿತ್ತು. ಅವನು ಅದರ ಬಾಯಿ ಬಿಚ್ಚಿ ಚೊಂಬಿನಿಂದ ನೀರು ಹೊಯ್ಯುತ್ತಿದ್ದ. ಮಗಳು ಅದನ್ನು ನೋಡಿದಳು, ನೋಡಿ ಏನೂ ಕೇಳದೆ ಮೆಟ್ಟಿಲು ಹತ್ತಿದಳು.

ಜಾಲರಿಯಿಂದ ಗಂಟೆ ಕೇಳಿಸಿತು. ಉದ್ದನೆಯ ಗಂಟೆ.

ತಾಯಿ ಹಾಸಿಗೆ ಸುತ್ತಲು ಬಗ್ಗಿದಳು. ಒಂದು ತುದಿ ಹಿಡಿದಳು, ಬಿಟ್ಟಳು. ಆಮೇಲೆ ಅದನ್ನು ಹಾಗೆಯೇ ಎಳೆದುಕೊಂಡು ಹೊರಗೆ ಬಂದು, ಲಿಫ್ಟಿನ ಬಾಗಿಲ ಎದುರು, ಕಾರುಗಳು ನಿಲ್ಲುವಲ್ಲಿ ಹಾಸಿದಳು. ದಿಂಬು ಇಟ್ಟಳು. ದಿಂಬಿನ ಗುಳಿಯನ್ನು ಸರಿಮಾಡಲಿಲ್ಲ. ಒದ್ದೆ ಬಟ್ಟೆಗಳನ್ನು ಪೈಪಿನ ಹಿಂದಿನಿಂದ ತೆಗೆದು ಮೆಟ್ಟಿಲ ಕಂಬಿಯ ಉದ್ದಕ್ಕೂ ಹರಡಿದಳು: ಲಂಗ, ಗಂಡನ ಬನಿಯನ್ನು, ಮಗಳ ತೋಳು ಗಿಡ್ಡವಾದ ಅಂಗಿ. ಒಲೆಯ ಪ್ಲಾಸ್ಟಿಕ್ಕು ಹರಿದು ಹಾಸಿಗೆಯ ಪಕ್ಕ ಇಟ್ಟು ಹಚ್ಚಿದಳು. ಈರುಳ್ಳಿ ಹೆಚ್ಚಿ ಎಣ್ಣೆಗೆ ಹಾಕಿದಳು. ಚುರ್ ಎಂದಿತು. ವಾಸನೆ ಲಿಫ್ಟಿನ ಸಂದಿ ಹಿಡಿದು ಮೇಲೇರಿತು.

ಕೊನೆಗೆ ಕಾಗದ ಬಿಚ್ಚಿ ನೀಲಿ ಪಟ್ಟಿಯ ಚಪ್ಪಲಿ ತೆಗೆದು ಮೆಟ್ಟಿಲ ಮೇಲೆ, ನಟ್ಟನಡುವೆ, ಜೋಡಿಯಾಗಿ ಇಟ್ಟಳು.

ಗಂಡ ಬಾಗಿಲಿಗೆ ಬಂದ. "ಲೇ...," ಎಂದ. ಅವಳು ತಲೆ ಎತ್ತಲಿಲ್ಲ, ಈರುಳ್ಳಿ ತಿರುವುತ್ತಿದ್ದಳು.

ಸೆಕ್ರೆಟರಿ ಕಾರಿನ ಕೀಲಿ ಆಡಿಸುತ್ತ ಇಳಿದು ಬಂದರು. ನಿಂತರು.

"ಏನೇ ಇದೆಲ್ಲ? ತಲೆ ಕೆಟ್ಟಿದೆಯಾ ನಿಂಗೆ? ಯಾರದ್ದೇ ಇದು ಚಪ್ಪಲಿ?"

"ನನ್ನ ಮಗಳದ್ದು."

"ಏನು?"

"ನನ್ನ ಮಗಳದ್ದು. ಮೊನ್ನೆ ನಿಮ್ಮ ಬಾಗಿಲಲ್ಲಿತ್ತಲ್ಲ, ಅದೇ. ಅವಳು ಇಲ್ಲೇ ಇರ್ತಾಳೆ."

"ಮೋಟರ್!" ಸೆಕ್ರೆಟರಿ ಕೂಗಿದರು. "ತೆಗ್ಸೋ ಇದನ್ನೆಲ್ಲ! ನಿನ್ನ ಹೆಂಡ್ತಿ ಬಾಯಿ ಮುಚ್ಸೋ!"

ಗಂಡ ಒಳಗೆ ಹೋದ. ಅವನ ಕೈ ಸ್ವಿಚ್ಚಿನ ಮೇಲಿರುವುದು ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ಅವಳು ಆ ಕೈಯನ್ನೇ ನೋಡುತ್ತ, ದನಿಯೆತ್ತಿ ಮತ್ತೆ ಹೇಳಿದಳು:

"ಇಲ್ಲೇ ಇರ್ತಾಳೆ. ಹುಟ್ಟಿ ನಡಿಯೋಕೆ ಕಲ್ತಾಗಿಂದ ಇಲ್ಲೇ ಇದಾಳೆ. ನಾವೂ ಇಲ್ಲೇ ಇದೀವಿ."

ಮೋಟರು ಸದ್ದು ಮಾಡಲಿಲ್ಲ. ಅವಳ ದನಿ ಮೆಟ್ಟಿಲುಗಳ ನಡುವಿನ ಬಾವಿಯಂಥ ಜಾಗದಲ್ಲಿ ಸುತ್ತಿ ಸುತ್ತಿ ಮೇಲಕ್ಕೆ ಹೋಯಿತು. ಒಂದೊಂದೇ ಬಾಗಿಲು ತೆರೆದುಕೊಂಡಿತು. ನಲ್ಲಿ ಬರಿದಾದ ಯಾರೋ ಮೇಲಿನಿಂದ, "ಮೋಟರ್, ನೀರು ಬಿಡೋ!" ಎಂದರು. ಇನ್ನೊಬ್ಬರೂ ಕೂಗಿದರು. ಸ್ವಿಚ್ಚಿನ ಮೇಲಿನ ಕೈ ಒತ್ತಲಿಲ್ಲ.

ಮೂರನೇ ಮಹಡಿಯ ಕಂಬಿಯ ಹಿಂದೆ ಮಗಳು ಬಂದು ನಿಂತಳು. ಬರಿಗಾಲು. ಕಂಕುಳಲ್ಲಿ ಬೇರೆಯವರ ಮಗು. ಅದು ಅಳುತ್ತಿತ್ತು, ಅವಳು ಕೆಳಗೆ ಹಾಸಿದ್ದ ತನ್ನ ಹಾಸಿಗೆಯನ್ನು ನೋಡುತ್ತ, ಮಗುವನ್ನು ಮೆಲ್ಲಗೆ ತಟ್ಟುತ್ತಿದ್ದಳು.